ನಡುವಯಸ್ಸಿನಲ್ಲಿ ದಂಪತಿಗಳ ಓಟ
40 ವರ್ಷ ದಾಟಿದವರು ಓಟವನ್ನು ಆರಂಭಿಸುವ ಮೊದಲು ರಕ್ತದೊತ್ತಡ, ಸಕ್ಕರೆಯ ಪ್ರಮಾಣ ಪರೀಕ್ಷಿಸಿಕೊಂಡು ವೈದ್ಯರ ಸಲಹೆ ಪಡೆಯುವುದು ಅವಶ್ಯಕ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮವನ್ನು ಸೂಚಿಸಿದೆ. ಮೊದಮೊದಲು ನಡಿಗೆಯ ನಡುವೆ ಒಂದೊಂದು ನಿಮಿಷದ ಓಟ ಸಾಕು.

ಪತಿ-ಪತ್ನಿಯರ ವೇಗ ಒಂದೇ ಆಗಿರುವುದು ವಿರಳ. ಒಬ್ಬರು ಏದುಸಿರು ಬಿಡುತ್ತ ಹಿಂಬಾಲಿಸುವಂತಾದರೆ ಆ ಜೊತೆ ಬಹುಕಾಲ ಉಳಿಯದು. ಮುಂಬಯಿಯ ಮರೀನ್ ಡ್ರೈವ್‌ನಂತಹ ಸಮತಟ್ಟಾದ ದಾರಿಯಲ್ಲಿ ಇದಕ್ಕೊಂದು ಸುಲಭೋಪಾಯವುಂಟು. ಇಬ್ಬರೂ ಒಟ್ಟಿಗೆ ಹೊರಟು, ತಮ್ಮತಮ್ಮ ವೇಗದಲ್ಲಿ 10 ನಿಮಿಷ ಓಡಿ, ಗಡಿಯಾರ ನೋಡಿ ಹಿಂದಿರುಗಬೇಕು. ವೇಗ ಬದಲಾಗದಿದ್ದರೆ ಹೊರಟ ಸ್ಥಳವನ್ನು ಏಕಕಾಲಕ್ಕೆ ತಲುಪುವರು.

ಎದೆನೋವು, ತೋಳಿಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಕಂಡುಬಂದಲ್ಲಿ ತಕ್ಷಣ ಓಟ ನಿಲ್ಲಿಸಿ ಆಸ್ಪತ್ರೆ ಸೇರತಕ್ಕದ್ದು. ಮಹಿಳೆಯರಲ್ಲಿ ಎದೆನೋವಿಲ್ಲದೆ ಬರೀ ಆಯಾಸ, ಉಬ್ಬಸ ಕಾಣಿಸುವುದೂ ಉಂಟು. ಪತಿಯಾದವನು ಅದನ್ನು ಸಾಮಾನ್ಯ ದಣಿವೆಂದು ಕಡೆಗಣಿಸಬಾರದು.