ಮಾಗಿಯ ಚಳಿ ಮತ್ತು ಕೋಳಿಗೂಡು

ಹಾಸನದ ಸೀಮೆಯಲ್ಲಿ ಮಾರ್ಗಶಿರ, ಪುಷ್ಯ ಮಾಸಗಳು ಬಂದುವೆಂದರೆ ಎಷ್ಟೋ ಮನೆಗಳ ಹಿತ್ತಿಲಿನ ಕೋಳಿಗೂಡಿಗೆ ಗೋಣಿತಾಟು ಬೀಳುತ್ತದೆ. ಕಿಂಡಿಗಳಿಗೆಲ್ಲ ಹುಲ್ಲು ತುರುಕಿ, ಕೋಳಿಗಳು ಬೆಚ್ಚಗಿವೆಯೆಂದು ಮನೆಯವರು ನೆಮ್ಮದಿಯಿಂದ ಮಲಗುತ್ತಾರೆ. ಬೆಳಗ್ಗೆ ಬಾಗಿಲು ತೆರೆದರೆ ಮೂಗಿಗೆ ಘಾಟು ಹೊಡೆಯುತ್ತದೆ. ಕೆಲವು ದಿನಗಳಲ್ಲಿ ಕೋಳಿಗಳು ಗೊರಗುಟ್ಟತೊಡಗುತ್ತವೆ. ಅಪವಾದ ಚಳಿಗೆ. ಆದರೆ ಭೌತವಿಜ್ಞಾನದ ದೃಷ್ಟಿಯಿಂದ ನೋಡಿದರೆ ಮೊದಲು ಸಂಶಯಿಸಬೇಕಾದುದು ಮುಚ್ಚಿದ ಕಿಂಡಿಗಳನ್ನು.

ಹಾಸನವು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಇಲ್ಲಿ ಜನವರಿಯ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 14 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಇಳಿಯುತ್ತದೆ. ಕೋಳಿಯ ಮೈಯಾದರೋ ಸುಮಾರು 41 ಡಿಗ್ರಿ. ಈ ಅಂತರವನ್ನು ಕಾಯುವುದು ಪುಕ್ಕವಲ್ಲ, ಪುಕ್ಕದ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ನಿಶ್ಚಲವಾದ ಗಾಳಿ ಶಾಖದ ಬಹು ದುರ್ಬಲ ವಾಹಕ. ನೀರಿನ ವಾಹಕತೆ ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಆದಕಾರಣ ಒಣಗಿದ ಪುಕ್ಕ ಕಂಬಳಿಯಾದರೆ ತೊಯ್ದ ಪುಕ್ಕ ಒದ್ದೆಬಟ್ಟೆ. ಹಿಮ ಬೀಳುವ ದೇಶಗಳಲ್ಲಿಯೂ ಬೆಳೆದ ಕೋಳಿಗಳು ಒಣಗೂಡಿನಲ್ಲಿ ಚಳಿಗಾಲ ಕಳೆಯುತ್ತವೆ.

ಗೂಡಿನೊಳಗೆ ನೀರೆಲ್ಲಿಂದ ಬಂದೀತು? ಕೋಳಿಗಳಿಂದಲೇ. ಹತ್ತು ಕೋಳಿಗಳು ದಿನಕ್ಕೆ ಸುಮಾರು ಎರಡು ಲೀಟರ್ ನೀರು ಕುಡಿಯುತ್ತವೆ. ಅದರಲ್ಲಿ ಬಹುಪಾಲು ಉಸಿರಿನಲ್ಲಿಯೂ ಹಿಕ್ಕೆಯಲ್ಲಿಯೂ ಹೊರಬರುತ್ತದೆ. 14 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಹಿಡಿದಿಡಬಲ್ಲ ಆವಿ 12 ಗ್ರಾಮಿನಷ್ಟು ಮಾತ್ರ. ಎರಡು ಘನಮೀಟರಿನ ಗೂಡಿಗೆ 24 ಗ್ರಾಂ, ಎಂದರೆ ಎರಡು ದೊಡ್ಡ ಚಮಚೆಗೂ ಕಡಿಮೆ! ಉಳಿದುದು ಗೋಡೆ, ಮಾಡು, ಪುಕ್ಕಗಳ ಮೇಲೆ ಹನಿಯಾಗಲೇಬೇಕು. ಹಾಸು ತೇವವಾದೊಡನೆ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳು ಒಡೆದು ಅಮೋನಿಯ ಹುಟ್ಟಿಸುತ್ತವೆ, ಘಾಟು ಅದರದೇ. ಅದು ಕಣ್ಣನ್ನೂ ಶ್ವಾಸನಾಳವನ್ನೂ ಕೆಣಕಿ ರೋಗಕ್ಕೆ ದಾರಿಮಾಡುತ್ತದೆ.

ಹಾಗೆಂದು ಗಾಳಿ ಮೈಮೇಲೆ ಬೀಸಲೂಬಾರದು, ಬೀಸುಗಾಳಿ ಪುಕ್ಕದೊಳಗಿನ ಬಿಸಿಗಾಳಿಯನ್ನು ಹೊತ್ತೊಯ್ಯುತ್ತದೆ. ಕೋಳಿಗಳು ಕೂರುವ ಗಳದ ಮಟ್ಟಕ್ಕಿಂತ ಒಂದಡಿ ಮೇಲಿನವರೆಗೆ ಗೋಡೆಯನ್ನು ಭದ್ರವಾಗಿ ಮುಚ್ಚಿ, ಮಾಡಿನ ಕೆಳಗೆ ಎದುರುಬದುರಾಗಿ ಕಿಂಡಿಗಳನ್ನು ತೆರೆದಿಡುವುದೇ ಸರಿಯಾದ ಏರ್ಪಾಡು. ಬೆಚ್ಚನೆಯ ತೇವಗಾಳಿ ಹಗುರವಾದ್ದರಿಂದ ತಾನಾಗಿ ಮೇಲೇರಿ ಹೊರಹೋಗುತ್ತದೆ. ಕಿಂಡಿಗೆ ತಂತಿಬಲೆ ಬೇಕು. ಮುಂಗುಸಿಗೆ ನಮ್ಮ ಭೌತವಿಜ್ಞಾನ ತಿಳಿಯದು. ಇನ್ನೊಂದು ಮಾತು: ಅರಕಲಗೂಡಿನ ಕಡೆ ಮುಂಗಾರಿನ ಎರಚಲಿಗೆಂದು ಪಡುವಣ ಮಗ್ಗುಲಿಗೆ ಕಟ್ಟಿದ ತಡಿಕೆಯನ್ನೇ ನಂಬಿ ಕೂರಬಾರದು. ಚಳಿಗಾಲದ ಗಾಳಿ ಹೆಚ್ಚಾಗಿ ಮೂಡಣ, ಈಶಾನ್ಯಗಳಿಂದ ಬರುತ್ತದೆ.

ತಗಡಿನ ಮಾಡು ವಿಶೇಷ ಎಚ್ಚರಿಕೆಗೆ ಪಾತ್ರವಾದುದು. ಮೋಡವಿಲ್ಲದ ರಾತ್ರಿ ಅದು ತನ್ನ ಶಾಖವನ್ನು ಆಕಾಶಕ್ಕೆ ವಿಕಿರಣದಿಂದ ಕಳೆದುಕೊಂಡು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಬಹುದು. ಆಗ ಒಳಮೈಯಲ್ಲಿ ಇಬ್ಬನಿ ಕಟ್ಟಿ ಕೋಳಿಗಳ ಮೇಲೆ ತೊಟ್ಟಿಕ್ಕುತ್ತದೆ. ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಯ ತೇವದ ತೋಟಗಳಲ್ಲಿ ಇದರ ಭಯ ಇನ್ನಷ್ಟು. ಚನ್ನರಾಯಪಟ್ಟಣದ ಕಡೆ ತೆಂಗಿನ ಸೋಗೆಗೆ ಬರವಿಲ್ಲ. ತಗಡಿನ ಮೇಲೆ ದಪ್ಪನಾಗಿ ಹೊದಿಸಿದರೆ ಅಷ್ಟೇ ಸಾಕು. ನೆಲಕ್ಕೆ ನಾಲ್ಕು ಅಂಗುಲ ಭತ್ತದ ಹೊಟ್ಟು ಹಾಸಿ, ಆಗಾಗ ಕೆದಕಿ, ತೊಯ್ದುದನ್ನು ತೆಗೆದುಹಾಕಬೇಕು. ಸಂಜೆ ಒಂದಿಷ್ಟು ಹೆಚ್ಚು ಕಾಳು ಹಾಕುವುದು ಒಳ್ಳೆಯದು.

ಕೆಂಡದ ಮಡಕೆಯನ್ನು ಗೂಡಿನೊಳಗೆ ಇಡುವುದು ಮಾತ್ರ ಸರ್ವಥಾ ಕೂಡದು. ಬೆಂಕಿಯ ಭಯ ಹಾಗಿರಲಿ, ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಗೂಡಿನಲ್ಲಿ ಅದು ಪ್ರಾಣಾಂತಿಕ.

ಹೊರಗಿನ ಶಾಖ ನಿಜವಾಗಿ ಬೇಕಾದುದು ಪುಕ್ಕ ಮೂಡದ ಮರಿಗಳಿಗೆ. ತಾಯಿಯಿಲ್ಲದೆ ಬೆಳೆಸುವ ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ, ಅನಂತರ ವಾರಕ್ಕೆ ಮೂರು ಡಿಗ್ರಿಯಂತೆ ಕಡಿಮೆ. ಬಿಸಿಯಾಗುವ ಹಳೆಯ ಬಗೆಯ ವಿದ್ಯುದ್ದೀಪವನ್ನು ಹೊಟ್ಟಿಗೆ ತಾಗದಂತೆ ಬಿಗಿಯಾಗಿ ತೂಗುಹಾಕಬೇಕು. ಎಲ್‌ಇಡಿ ದೀಪ ಈ ಕೆಲಸಕ್ಕೆ ಬಾರದು. ಉಷ್ಣಮಾಪಕವಿಲ್ಲದಿದ್ದರೆ ಮರಿಗಳನ್ನೇ ನೋಡಿರಿ. ದೀಪದಡಿ ಒತ್ತಾಗಿ ಗುಂಪುಗೂಡಿದರೆ ಶಾಖ ಸಾಲದು, ಅಂಚಿಗೆ ಸರಿದು ಬಾಯಿ ತೆರೆದರೆ ಹೆಚ್ಚಾಯಿತು, ಎಲ್ಲೆಡೆ ಹರಡಿಕೊಂಡು ಮೇಯುತ್ತಿದ್ದರೆ ದೀಪವನ್ನು ಇದ್ದಲ್ಲಿಯೇ ಬಿಡಬಹುದು.