ಹಾಸಿಗೆಯ ಪಕ್ಕದ ವಿದ್ಯೆ

ಕಲಬುರಗಿ ಜಿಲ್ಲೆಯ ನರೋಣಾ ಹೋಬಳಿಯ ಹಳ್ಳಿಗಳಿಂದ ರೋಗಿ ಆರೈಕೆಯ ತರಬೇತಿಗೆ ಬರುವ ಮಕ್ಕಳಿಗೆ ಮೊದಲ ದಿನ ನಾನು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಯಾರಾದರೂ ಲಕ್ವಾ ಹೊಡೆದು ಹಾಸಿಗೆ ಹಿಡಿದದ್ದುಂಟೇ? ಒಂದೊಂದಾಗಿ ಕೈಗಳು ಮೇಲೇಳುತ್ತವೆ. ಅಜ್ಜಿಗೆ ಗಂಜಿ ಕುಡಿಸಿದವರು, ಕಾಕಾನ ಧೋತರ ಬದಲಿಸಿದವರು, ರಾತ್ರಿ ಎದ್ದು ತಂಬಿಗೆ ಹಿಡಿದವರು. ಹಾಗಿದ್ದರೆ ಈ ಕೆಲಸದ ಕಠಿಣ ಭಾಗ ನಿಮಗೆ ಆಗಲೇ ಗೊತ್ತು. ಅದನ್ನೇ ರೋಗಿಗೂ ನಿಮಗೂ ಅಪಾಯವಾಗದಂತೆ ಹೇಗೆ ಮಾಡಬೇಕು, ಕಣ್ಣಿಗೆ ಬಿದ್ದದ್ದನ್ನು ಯಾರಿಗೆ, ಯಾವಾಗ ಹೇಳಬೇಕು ಎಂಬುದನ್ನು ಈಗ ಕಲಿಯೋಣ.

ಕೋರ್ಸಿನ ಹೆಸರು ಜನರಲ್ ಡ್ಯೂಟಿ ಅಸಿಸ್ಟೆಂಟ್. ದವಾಖಾನೆಗಳಲ್ಲಿ ಜಿಡಿಎ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ನರ್ಸಿಂಗ್ ಸಹಾಯಕರು. ಇದರ ಮಾನದಂಡ ರೂಪಿಸಿದ್ದು ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್. ಕೇಂದ್ರ ಸರ್ಕಾರ 2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯನ್ನೂ ನಮ್ಮ ರಾಜ್ಯ 2017ರಲ್ಲಿ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆಯನ್ನೂ ಆರಂಭಿಸಿದ ಮೇಲೆ ಇಂಥ ಕೆಲವೇ ತಿಂಗಳ ತರಬೇತಿಗಳು ಹಳ್ಳಿಯ ಮಕ್ಕಳ ಕೈಗೂ ಎಟುಕತೊಡಗಿದವು. ಸರ್ಕಾರಿ ಯೋಜನೆಯ ಬ್ಯಾಚು ಎಂದು ಹೇಳಿ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ಮೋಸ ಹೋದ ಮಕ್ಕಳ ಕಣ್ಣೀರು ನೋಡಿದ್ದೇನೆ. ಜಿಡಿಎ ಮುಗಿಸಿದವರು ನರ್ಸ್ ಆಗುವುದಿಲ್ಲ. ನರ್ಸಿಂಗ್ ಕೌನ್ಸಿಲ್‌ನಲ್ಲಿ ಅವರ ಹೆಸರು ನೋಂದಣಿಯಾಗುವುದಿಲ್ಲ. 'ಆರು ತಿಂಗಳಲ್ಲಿ ನರ್ಸ್ ಮಾಡುತ್ತೇವೆ' ಎಂಬ ಬೋರ್ಡು ಎಲ್ಲಿ ಕಂಡರೂ ಅದು ಸುಳ್ಳು. ಎಎನ್‌ಎಂ ಆಗಲು ಪಿಯುಸಿ ಆದ ಮೇಲೆ ಎರಡು ವರ್ಷ ಓದಬೇಕು, ಜಿಎನ್‌ಎಂಗೆ ಮೂರು ವರ್ಷ, ಬಿಎಸ್ಸಿ ನರ್ಸಿಂಗ್‌ಗೆ ನಾಲ್ಕು ವರ್ಷ. ಬಿಎಸ್ಸಿಗೆ ಪಿಯುಸಿಯಲ್ಲಿ ವಿಜ್ಞಾನ ಇರಲೇಬೇಕು. ಮನೆಯ ಸ್ಥಿತಿ ನೋಡಿಕೊಂಡು ಮೊದಲು ಜಿಡಿಎ ಮುಗಿಸಿ, ಒಂದೆರಡು ವರ್ಷ ದುಡಿದು, ಆಮೇಲೆ ಜಿಎನ್‌ಎಂ ಸೇರುವುದು ಒಳ್ಳೆಯ ದಾರಿಯೇ. ಆ ಹೊತ್ತಿಗೆ 371 (ಜೆ) ಪ್ರಮಾಣಪತ್ರ ಕೈಯಲ್ಲಿರಲಿ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ನಮ್ಮ ಭಾಗದ ಕಾಲೇಜುಗಳಲ್ಲಿ ಸೀಟು ಮೀಸಲಿರುವುದು ಅದರ ಬಲದಿಂದ.

ಪಾಠ ಶುರುವಾಗುವುದು ನಲ್ಲಿಯ ಮುಂದೆ. ಸೋಪಿನಿಂದ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಡಿಯಾರ ಇಟ್ಟುಕೊಂಡು ತೊಳೆದು ನೋಡಿ, ಅದೆಷ್ಟು ದೀರ್ಘ ಹೊತ್ತು ಎಂಬುದು ತಿಳಿಯುತ್ತದೆ. ಅಂಗೈ ಎಲ್ಲರೂ ಉಜ್ಜುತ್ತಾರೆ. ಹೆಬ್ಬೆರಳು, ಉಗುರಿನ ಸಂದು, ಬೆರಳುಗಳ ನಡುವಿನ ಜಾಗ ಹಾಗೇ ಉಳಿದುಬಿಡುತ್ತದೆ. ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ 1847ರಲ್ಲಿ ತನ್ನ ಹೆರಿಗೆ ವಾರ್ಡಿನ ವೈದ್ಯರಿಗೆ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಬಾಣಂತಿಯರ ಸಾವು ಸರ್ರನೆ ಇಳಿಯಿತು. ಆದರೂ ಅವನ ಮಾತನ್ನು ಆ ಕಾಲದ ಬಹಳಷ್ಟು ವೈದ್ಯರು ನಂಬಲಿಲ್ಲ. ನಮಗಂತೂ ಈ ಪಾಠಕ್ಕೆ ದೂರದ ಉದಾಹರಣೆ ಬೇಕಿಲ್ಲ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ನಮ್ಮ ಕಲಬುರಗಿಯದೇ. ಮುಂದಿನ ದಿನಗಳಲ್ಲಿ ಮನೆಯವರೂ ಒಳಗೆ ಬರಲಾಗದ ವಾರ್ಡುಗಳಲ್ಲಿ ರೋಗಿಯ ಬಾಯಿಗೆ ನೀರು ಹಾಕಿದ ಕೈಗಳು ನರ್ಸುಗಳದು ಮತ್ತು ಇಂಥ ಸಹಾಯಕರದು.

ಕೈ ತೊಳೆಯುವ ಪಾಠದಲ್ಲೇ ಬಳೆಯ ಮಾತೂ ಬರುತ್ತದೆ. ಮದುವೆಯಾದ ಹೆಣ್ಣುಮಕ್ಕಳು ಬಳೆ ತೆಗೆಯಲು ಹಿಂಜರಿಯುತ್ತಾರೆ, ಅತ್ತೆ ಏನೆನ್ನುತ್ತಾರೋ ಎಂಬ ಅಳುಕು. ನಾನು ಗದರುವುದಿಲ್ಲ. ಬಳೆಯ ಸಂದಿನಲ್ಲಿ ಕೊಳೆ ನಿಲ್ಲುತ್ತದೆ, ವಯಸ್ಸಾದವರ ತೆಳುವಾದ ಚರ್ಮಕ್ಕೆ ಗೀರಿದರೆ ಗಾಯವಾಗುತ್ತದೆ. ವಾರ್ಡಿಗೆ ಹೋಗುವಾಗ ತೆಗೆದು ಚೀಲದಲ್ಲಿಟ್ಟು, ಮನೆಗೆ ಹೊರಡುವಾಗ ತೊಡಿ. ಕಾರಣ ತಿಳಿಸಿ ಹೇಳಿದರೆ ಅತ್ತೆಯಂದಿರೂ ಒಪ್ಪುತ್ತಾರೆ.

ಇನ್ನು ಹಾಸಿಗೆ ಹಿಡಿದವರ ಆರೈಕೆ. ಮಗ್ಗುಲು ಬದಲಿಸದೆ ಮಲಗಿದವರಿಗೆ ಬೆನ್ನಹುಣ್ಣು ಆಗುತ್ತದೆ. ಎಲುಬು ಮತ್ತು ಹಾಸಿಗೆಯ ನಡುವೆ ಚರ್ಮ ಒತ್ತಿಹೋಗಿ ಅಲ್ಲಿಗೆ ರಕ್ತ ಹರಿಯುವುದು ನಿಲ್ಲುವುದೇ ಕಾರಣ. ಟೊಂಕದ ಕೆಳಗೆ, ಹಿಮ್ಮಡಿ, ಮೊಣಕೈ, ಬೆನ್ನಿನ ಹಲಗೆ, ತಲೆಯ ಹಿಂಭಾಗ — ಇಲ್ಲೆಲ್ಲ ದಿನವೂ ನೋಡಬೇಕು. ಸಾಮಾನ್ಯವಾಗಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಪುಸ್ತಕದಲ್ಲಿ 'ಚರ್ಮ ಕೆಂಪಾಗುವುದು ಮೊದಲ ಲಕ್ಷಣ' ಎಂದು ಓದುತ್ತೀರಿ. ನಮ್ಮ ಜನರ ಕಪ್ಪು ಚರ್ಮದಲ್ಲಿ ಆ ಕೆಂಪು ಕಾಣದೇ ಇರಬಹುದು. ಆದ್ದರಿಂದ ಮುಟ್ಟಿ ನೋಡಿ. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಬಣ್ಣ ಬೇರೆಯಾಗಿದೆಯೇ? ಅನುಮಾನ ಬಂದರೆ ಆಗಲೇ ಸಿಸ್ಟರ್‌ಗೆ ಹೇಳಿ. ಡಾಕ್ಟರು ವಾರ್ಡಿಗೆ ಬಂದು ಹೋಗುವುದು ಕೆಲವು ನಿಮಿಷ, ನೀವು ಇರುವುದು ಇಡೀ ಪಾಳಿ. ಈ ಹುಣ್ಣು ಮೊದಲು ಸಿಗುವುದು ನಿಮ್ಮ ಬೆರಳಿಗೇ.

ಊಟ ಮಾಡಿಸುವುದು ಎಲ್ಲರಿಗೂ ಬರುತ್ತದೆ ಎಂದುಕೊಂಡಿರುತ್ತೇವೆ. ನಮ್ಮ ಕಡೆ 'ಗಂಟಲು ಆರ್ಯಾದ' ಎಂದು ಮಲಗಿದಲ್ಲೇ ನೀರು ಹಾಕುವ ರೂಢಿ ಇದೆ. ಲಕ್ವಾ ಹೊಡೆದವರಲ್ಲಿ ಹಲವರಿಗೆ ನುಂಗುವ ಶಕ್ತಿ ಕುಂದಿರುತ್ತದೆ, ಆ ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನೇರವಾಗಿ ಕೂಡಿಸಿ, ಸಣ್ಣ ಚಮಚದಲ್ಲಿ ಕೊಡಿ, ಗಂಟಲು ಇಳಿದದ್ದು ನೋಡಿ ಮುಂದಿನ ಚಮಚ ಹಾಕಿ. ಉಂಡ ಮೇಲೆ ಅರ್ಧ ತಾಸು ಕೂತೇ ಇರಲಿ. ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಿ. ಅವರನ್ನು ಎಬ್ಬಿಸುವಾಗ ಬಿದ್ದುಹೋದ ಕೈಯನ್ನು ಹಿಡಿದು ಎಳೆಯಲೇಬೇಡಿ, ಭುಜದ ಕೀಲು ಜಾರುತ್ತದೆ. ಗಾಲಿಕುರ್ಚಿಯನ್ನು ಶಕ್ತಿ ಇರುವ ಮಗ್ಗುಲಿಗೆ ತಂದು, ಬ್ರೇಕು ಹಾಕಿ, ಮೊಣಕಾಲು ಬಗ್ಗಿಸಿ ಎತ್ತಿ. ರಾಶಿಯ ಕಾಲದಲ್ಲಿ ತೊಗರಿ ಚೀಲ ಎತ್ತಿದವರಿಗೆ ಟೊಂಕ ಕಾಪಾಡಿಕೊಳ್ಳುವುದು ಹೇಗೆಂದು ನಾನೇನೂ ಹೇಳಬೇಕಿಲ್ಲ.

ದವಾಖಾನೆಯ ಕಸಕ್ಕೂ ಕಾನೂನಿದೆ. 2016ರ ನಿಯಮಗಳ ಪ್ರಕಾರ ರಕ್ತ ಹತ್ತಿದ ಹತ್ತಿ, ಪಟ್ಟಿ ಹಳದಿ ಚೀಲಕ್ಕೆ, ಸಲೈನಿನ ನಳಿಕೆ, ಕೈಗವಸು ಕೆಂಪಿಗೆ, ಗಾಜು ನೀಲಿಗೆ, ಸೂಜಿ, ಬ್ಲೇಡು ಚುಚ್ಚಿ ಹೊರಬಾರದಂಥ ಬಿಳಿ ಡಬ್ಬಿಗೆ. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ. ಚುಚ್ಚಿದರೆ ಮುಚ್ಚಿಡಬೇಡಿ. ಸೋಪು ನೀರಿನಿಂದ ತೊಳೆದು ತಕ್ಷಣ ತಿಳಿಸಿ, ಎಚ್‌ಐವಿ ತಡೆಯುವ ಔಷಧ 72 ತಾಸಿನೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು.

ಇಂಜೆಕ್ಷನ್ ಕೊಡುವುದು, ಸಲೈನ್ ಏರಿಸುವುದು, ಯಾವ ಗುಳಿಗೆ ಎಂದು ಹೇಳುವುದು ನಿಮ್ಮ ಕೆಲಸವಲ್ಲ. ಯಾರೇ ಒತ್ತಾಯಿಸಿದರೂ 'ನನಗೆ ಅನುಮತಿ ಇಲ್ಲ' ಎನ್ನಿ. ಊರಿಗೆ ಹೋದಾಗ ಅಕ್ಕಪಕ್ಕದವರು ಸೂಜಿ ಹಿಡಿದು ಬಂದಾರು. ಅವರಿಗೂ ಇದೇ ಉತ್ತರ.

ನಿಮ್ಮ ಬಳಿ ಒಂದು ಆಸ್ತಿ ಇದೆ, ಅದು ಭಾಷೆ. ಆಳಂದ ಕಡೆಯ ರೋಗಿ 'ಚಕ್ಕರ್ ಬರ್ತದ', 'ಹೊಟ್ಟಿ ಕಡೀತದ', 'ಕಾಲ್ಮಡಿ ಆಗಿಲ್ಲ' ಎನ್ನುತ್ತಾರೆ. ಗಡಿಯ ಆಚೆಯಿಂದ ಬಂದವರು ಮರಾಠಿ ಆಡುತ್ತಾರೆ, ಕಲಬುರಗಿಯ ಓಣಿಗಳವರು ದಖನಿ. ಬೇರೆ ಜಿಲ್ಲೆಯಿಂದ ಬಂದ ಎಳೆಯ ಡಾಕ್ಟರಿಗೆ 'ಕಾಲ್ಮಡಿ' ಎಂದರೆ ಕಾಲಿನ ತೊಂದರೆ ಎನಿಸೀತು. ಬೆಳಗಿನಿಂದ ಮೂತ್ರ ಹೋಗಿಲ್ಲ ಎಂದು ಬಿಡಿಸಿ ಹೇಳುವವರು ನೀವೇ. ಆ ಅಜ್ಜಿಗೆ ನೀವು 'ಆಯಿ' ಎಂದಾಗ, ಗಂಡು ಡಾಕ್ಟರ ಮುಂದೆ ಹೇಳಲು ನಾಚಿದ್ದನ್ನೂ ಹೇಳುತ್ತಾರೆ. ಅದನ್ನು ಸಿಸ್ಟರ್‌ಗೆ ಮಾತ್ರ ಮುಟ್ಟಿಸಿ. ಬಸ್ ಸ್ಟ್ಯಾಂಡಿನಲ್ಲಿ ಆಡಬೇಡಿ. ಗಂಡುಮಕ್ಕಳೂ ಈ ಕೆಲಸಕ್ಕೆ ಬರಲಿ ಎಂದು ನಾನು ಪ್ರತಿ ಬ್ಯಾಚಿನಲ್ಲೂ ಕೇಳಿಕೊಳ್ಳುವುದು ಇದೇ ನಾಚಿಕೆಯ ಕಾರಣಕ್ಕೆ. ಮೈ ಒರೆಸಲು ಗಂಡುಹುಡುಗ ಬಂದರೆ ಎಷ್ಟೋ ಮುದುಕರ ಮುಜುಗರ ಇಳಿಯುತ್ತದೆ.

ನಾಳೆಯ ತರಗತಿಗೆ ಒಂದು ಮನೆಗೆಲಸ. ಸೆಕೆಂಡು ಮುಳ್ಳಿರುವ ಗಡಿಯಾರ ಬೇಕು. ಮನೆಯ ಹಿರಿಯರೊಬ್ಬರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ. ಹೆಬ್ಬೆರಳು ಬೇಡ, ಅದಕ್ಕೆ ತನ್ನದೇ ಮಿಡಿತವಿದೆ. 60ರಿಂದ 100ರೊಳಗೆ ಬರಬೇಕು. ಆಮೇಲೆ ಕೈ ಬಿಡದೆ, ಇನ್ನೂ ನಾಡಿಯನ್ನೇ ಎಣಿಸುತ್ತಿರುವಂತೆ ಕೂತು, ಎದೆ ಎಷ್ಟು ಸಲ ಏರಿ ಇಳಿಯಿತು ಎಂದು ಇನ್ನೊಂದು ನಿಮಿಷ ನೋಡಿ. ಉಸಿರು ಎಣಿಸುತ್ತೇನೆಂದು ಮೊದಲೇ ಹೇಳಿದರೆ ಉಸಿರು ಬದಲಾಗುತ್ತದೆ. 12ರಿಂದ 20 ಇದ್ದರೆ ಸರಿ. ಎರಡೂ ಸಂಖ್ಯೆಗಳ ಪಕ್ಕದಲ್ಲಿ ಎಣಿಸಿದ ಹೊತ್ತನ್ನೂ ಬರೆದು ತನ್ನಿ.