ಹಲ್ಲಿಗೆ ಕ್ಯಾಪ್ ಹಾಕಿಸುವವರು ತಿಳಿದಿರಬೇಕಾದ ವಿಷಯಗಳು



“ರೂಟ್ ಕೆನಾಲ್ ಮಾಡಿಸಿ ನೋವು ಹೋಯಿತಲ್ಲ, ಇನ್ನು ಕ್ಯಾಪ್ ಯಾಕೆ?” ಎಂದು ನಮ್ಮಲ್ಲಿ ಹಲವರು ಕೇಳುತ್ತಾರೆ. ಅಡಿಕೆ ಮಾರಿದ ಹಣ ಬರಲಿ, ಆಮೇಲೆ ನೋಡೋಣ ಎಂದು ಮುಂದೂಡುತ್ತಾರೆ. ಹೀಗಿರುವಾಗ ಒಂದು ದಿನ ಊಟದ ನಡುವೆ ಆ ಹಲ್ಲು ಬೇರಿನವರೆಗೆ ಸೀಳಿದರೆ ಕೀಳಿಸದೆ ಗತಿಯಿಲ್ಲ. ಚಿಕಿತ್ಸೆಗೆ ಕೊಟ್ಟ ಹಣವೂ ಹೋಯಿತು, ಹಲ್ಲೂ ಹೋಯಿತು.

ಕ್ಯಾಪ್ ಏಕೆ ಬೇಕು?

ಹುಳುಕನ್ನೂ ಒಳಗಿನ ನರವನ್ನೂ ತೆಗೆದು ತುಂಬಿಸಿದ ದವಡೆ ಹಲ್ಲಿನಲ್ಲಿ ಹೆಚ್ಚಾಗಿ ತೆಳುವಾದ ಗೋಡೆ ಮಾತ್ರ ಉಳಿದಿರುತ್ತದೆ. ಜಗಿಯುವ ಭಾರ ಬಿದ್ದಾಗ ಅದು ಸೀಳುತ್ತದೆ. ಎತ್ತಿನ ಗಾಡಿಯ ಮರದ ಚಕ್ರವನ್ನು ಕಬ್ಬಿಣದ ಪಟ್ಟಿ ಬಿಗಿದು ಹಿಡಿಯುವ ಹಾಗೆ ಕ್ಯಾಪ್ ಹಲ್ಲನ್ನು ಸುತ್ತಲೂ ಹಿಡಿದುಕೊಳ್ಳುತ್ತದೆ. ಮುಂದಿನ ಹಲ್ಲುಗಳಿಗೆ ಯಾವಾಗಲೂ ಬೇಕೆಂದಿಲ್ಲ. ಉಳಿದ ಭಾಗವನ್ನು ನೋಡಿ ವೈದ್ಯರು ಹೇಳುತ್ತಾರೆ.

ಮೊದಲ ಭೇಟಿ

ಸಕ್ಕರೆ ಕಾಯಿಲೆ, ಹೃದಯದ ಕವಾಟದ ತೊಂದರೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಬೇಕು. ಮಾತ್ರೆಯನ್ನು ನೀವಾಗಿ ನಿಲ್ಲಿಸಬಾರದು.

ಅಗತ್ಯವಿದ್ದರೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಹಲ್ಲಿನ ಸುತ್ತಲೂ ಮೇಲೂ ಸುಮಾರು 1ರಿಂದ 2 ಮಿಲಿಮೀಟರ್ ಅರೆಯುತ್ತಾರೆ. ಕ್ಯಾಪಿಗೆ ಜಾಗ ಬೇಕಲ್ಲವೇ? ಅರೆದ ಭಾಗ ಮತ್ತೆ ಬೆಳೆಯುವುದಿಲ್ಲ. ಅನಂತರ ಮೆತ್ತಗಿನ ಪದಾರ್ಥವನ್ನು ಕಚ್ಚಿಸಿ ಅಚ್ಚು ತೆಗೆಯುತ್ತಾರೆ. ಕೆಲವೆಡೆ ಈಗ ಸಣ್ಣ ಕ್ಯಾಮರಾದಿಂದಲೇ ಅಳತೆ ತೆಗೆಯುವುದುಂಟು. ಹೆಚ್ಚಾಗಿ ಒಂದು ತಾತ್ಕಾಲಿಕ ಕ್ಯಾಪ್ ಕೂರಿಸಿ ಕಳುಹಿಸುತ್ತಾರೆ. ತುಟಿ, ನಾಲಿಗೆಯ ಮರಗಟ್ಟುವಿಕೆ ಕೆಲವು ಗಂಟೆ ಇರುತ್ತದೆ. ಅದು ಬಿಡುವ ತನಕ ಬಿಸಿ ಗಂಜಿ, ಚಹಾ ಬೇಡ. ಸುಟ್ಟರೂ ಕಚ್ಚಿಕೊಂಡರೂ ಗೊತ್ತಾಗದು.

ನಡುವಿನ ದಿನಗಳು

ಕ್ಯಾಪ್ ತಯಾರಾಗಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಅಷ್ಟು ದಿನ ಇನ್ನೊಂದು ಬದಿಯಲ್ಲಿ ಜಗಿಯಿರಿ. ಹಲಸಿನ ಹಪ್ಪಳ, ಚಕ್ಕುಲಿ, ಅಂಟುವ ಮಿಠಾಯಿ ದೂರವಿರಲಿ. ತಾತ್ಕಾಲಿಕ ಕ್ಯಾಪ್ ಬಿದ್ದುಹೋದರೆ ಬೇಗನೆ ಹೋಗಿ ಕೂರಿಸಿಕೊಳ್ಳಿ. ಇಲ್ಲವಾದರೆ ಹಲ್ಲು ಸ್ವಲ್ಪ ಸರಿದು ಹೊಸ ಕ್ಯಾಪ್ ಸರಿಯಾಗಿ ಕೂರದೆ ಹೋಗಬಹುದು.

ಎರಡನೆಯ ಭೇಟಿ

ಕ್ಯಾಪನ್ನು ಕೂರಿಸಿ, ಬಣ್ಣದ ಕಾಗದ ಕಚ್ಚಿಸಿ ಎತ್ತರ ನೋಡುತ್ತಾರೆ. “ಈ ಹಲ್ಲೇ ಮೊದಲು ತಾಗುತ್ತದೆ” ಎಂದೆನಿಸಿದರೆ ಸಂಕೋಚಪಡದೆ ಅಲ್ಲೇ ಹೇಳಿ. ಮನೆಗೆ ಬಂದ ಮೇಲೆ ತಿಳಿದರೂ ಮರಳಿ ಹೋಗಿ ಸರಿಪಡಿಸಿಕೊಳ್ಳಬೇಕು. ತಾನಾಗಿ ಸರಿಹೋದೀತೆಂದು ಬಿಟ್ಟರೆ ಹಲ್ಲೂ ದವಡೆಯೂ ನೋಯುತ್ತವೆ. ಒಸಡಿನ ನವಿರು ನೋವು ಕೆಲವು ದಿನ ಸಹಜ. ಬಾವು, ಕೀವು ಅಥವಾ ಹೆಚ್ಚುತ್ತಿರುವ ನೋವು ಸಹಜವಲ್ಲ.

ಯಾವ ಕ್ಯಾಪ್?

ಬರೀ ಲೋಹದ್ದು ಗಟ್ಟಿ, ಬೆಲೆಯೂ ಕಡಿಮೆ. ಹಿಂದಿನ ದವಡೆ ಹಲ್ಲಿಗೆ ಸಾಕು. ಲೋಹದ ಮೇಲೆ ಪಿಂಗಾಣಿ ಹಚ್ಚಿದ್ದು ಹಲ್ಲಿನ ಬಣ್ಣದ್ದು. ಆದರೆ ಪಿಂಗಾಣಿ ಚಕ್ಕೆ ಏಳಬಹುದು. ಜಿರ್ಕೋನಿಯಾ ನೋಡಲು ಚೆನ್ನ, ಗಟ್ಟಿ, ದುಬಾರಿ. ಕೆಲವು ಲೋಹಗಳಲ್ಲಿ ನಿಕ್ಕಲ್ ಇರುತ್ತದೆ. ಅಗ್ಗದ ಬಳೆ, ಸರ ಹಾಕಿದರೆ ಮೈ ತುರಿಸುವವರು ಇದನ್ನು ತಿಳಿಸಬೇಕು. ಒಟ್ಟು ಖರ್ಚೆಷ್ಟು, ಎಷ್ಟು ಸಲ ಬರಬೇಕು ಎಂದು ಮೊದಲೇ ಕೇಳಿ. ಒಮ್ಮೆಲೇ ಹಣ ಹೊಂದದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಸರಕಾರಿ ದಂತ ಕಾಲೇಜುಗಳಲ್ಲಿ ಖರ್ಚು ಕಡಿಮೆ.

ಆಮೇಲಿನ ಜೋಪಾನ

ಕ್ಯಾಪಿಗೆ ಹುಳುಕು ಹಿಡಿಯದು, ಆದರೆ ಅದರ ಅಂಚಿನಲ್ಲಿ ಒಳಗಿನ ಹಲ್ಲಿಗೆ ಹಿಡಿಯುತ್ತದೆ. ದಿನಕ್ಕೆ ಎರಡು ಸಲ ಒಸಡಿನ ಅಂಚಿನವರೆಗೆ ಬ್ರಶ್ ಮಾಡಿ. ಜೋಪಾನ ಮಾಡಿದರೆ ಹತ್ತು, ಹದಿನೈದು ವರ್ಷ ಬಾಳುವುದುಂಟು.

ಅಡಿಕೆ ನಮ್ಮ ಜೀವನಾಧಾರ ನಿಜ. ಆದರೆ ಜಗಿಯುವ ಅಡಿಕೆ ಹಲ್ಲನ್ನು ಸವೆಸುತ್ತದೆ, ಬಿರುಕು ಬಿಡಿಸುತ್ತದೆ. ಅದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು.

ಮದ್ದು ಬಿಡುವ, ಕೊಯ್ಲಿನ ದಿನಗಳನ್ನು ನೋಡಿಕೊಂಡೇ ದಿನ ಗೊತ್ತುಮಾಡಿ. ಆದರೆ ತಿಂಗಳುಗಟ್ಟಲೆ ತಡಮಾಡಬೇಡಿ. ಕೊಳೆರೋಗಕ್ಕೆ ಉದುರಿದ ಕಾಯಿ ಬೋರ್ಡೋ ದ್ರಾವಣ ಬಿಟ್ಟರೆ ಮರಕ್ಕೆ ಹತ್ತದು. ಸೀಳಿದ ಹಲ್ಲಿನ ಕಥೆಯೂ ಅಷ್ಟೇ.